ಹಳೇ ಬೇರಿಂಗ್ ಬಿಸಾಡುವ ಮುನ್ನ

ಹಡಗಲಿ ಸೀಮೆಯ ಹೊಳೆದಂಡೆಯಲ್ಲಾಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಾಗಲಿ ಮೂರು ಫೇಸ್ ಕರೆಂಟ್ ಬಂದ ಹೊತ್ತಿಗೆ ಸುಮ್ಮನೆ ನಿಂತರೆ ಸಾಕು, ಯಾರ ಮೋಟರ್ ಹೇಗಿದೆ ಎಂಬುದು ಕಿವಿಗೇ ತಿಳಿಯುತ್ತದೆ. ಆರೋಗ್ಯವಾಗಿರುವ ಮೋಟರ್ ಒಂದೇ ಸಮನೆ ಗುಂಯ್ ಎನ್ನುತ್ತಿರುತ್ತದೆ. ಬೇರಿಂಗ್ ಕೆಡಲು ಶುರುವಾದ ಮೋಟರ್ ಸಣ್ಣಗೆ ಶಿಳ್ಳೆ ಹಾಕುತ್ತದೆ. ಇನ್ನೊಂದಿಷ್ಟು ದಿನಕ್ಕೆ ಆ ಶಿಳ್ಳೆ ಗೊರಗೊರ ಆಗುತ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರ್ಕಶ ಸದ್ದು. ಬಹಳ ಜನ ಮಿಸ್ತ್ರಿಯನ್ನು ಕರೆಯುವುದು ಈ ಮೂರನೆಯ ಸದ್ದು ಕೇಳಿದ ಮೇಲೆಯೇ.

ಆತ ಬಂದು ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡುತ್ತಾನೆ. "ಬೇರಿಂಗ್ ಹೋಗೈತಣ್ಣ, ಹೊಸಾದು ಹಾಕಿದ್ರ ಆತು" ಎನ್ನುತ್ತಾನೆ. "ಹಾಕಪ್ಪ, ಕರೆಂಟ್ ಹೋಗೋದ್ರೊಳಗ ನೀರು ಬಿಡಬೇಕು" ಎನ್ನುತ್ತಾನೆ ರೈತ. ಪೇಟೆಯಿಂದ ಹೊಸದು ಬರುತ್ತದೆ, ಸುತ್ತಿಗೆಯ ನಾಲ್ಕು ಏಟಿಗೆ ಶಾಫ್ಟಿನ ಮೇಲೆ ಕೂರುತ್ತದೆ, ಮೋಟರ್ ತಿರುಗುತ್ತದೆ. ಹಳೆಯದು ಗುಜರಿ ಡಬ್ಬಿಗೆ ಹೋಗುತ್ತದೆ. ಮುಂದಿನ ಬೆಳೆಗೆ ಮತ್ತೆ ಅದೇ ಮೋಟರು, ಅದೇ ಸದ್ದು, ಅದೇ ಮಿಸ್ತ್ರಿ.

ಗುಜರಿ ಡಬ್ಬಿಗೆ ಹೋದ ಆ ಹಳೆಯ ಬೇರಿಂಗಿನ ಬಗ್ಗೆಯೇ ಈ ಅಂಕಣ. ತಾನಾಗಿ ಮುಪ್ಪಾಗಿ ಕೆಡುವ ಬೇರಿಂಗುಗಳು ಕಡಿಮೆ. ನೀರು, ಧೂಳು, ಓರೆಯಾದ ಕೂರಿಕೆ, ಅತಿಯಾದ ಎಳೆತ, ಸುತ್ತಿಗೆ ಇವುಗಳಲ್ಲಿ ಯಾವುದೋ ಒಂದು ಅದನ್ನು ಕೆಡಿಸಿರುತ್ತದೆ. ಕೆಡಿಸಿದ್ದು ಯಾವುದೆಂಬ ಗುರುತು ಹಳೆಯ ಬೇರಿಂಗಿನ ಮೈಮೇಲೆಯೇ ಉಳಿದಿರುತ್ತದೆ. ಅದನ್ನು ನೋಡದೆ ಹೊಸದು ಹಾಕಿದರೆ ಕಾರಣ ಅಲ್ಲೇ ಉಳಿಯಿತು, ಬೇರಿಂಗ್ ಮಾತ್ರ ಬದಲಾಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಈಗ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ಒಂದಾದರೂ ನೀರಿನ ಕಥೆ ಒಂದಲ್ಲ. ಹಡಗಲಿಗೆ ತುಂಗಭದ್ರೆಯ ಉದ್ದನೆಯ ದಂಡೆ ಇದೆ, ಹಗರಿಬೊಮ್ಮನಹಳ್ಳಿಗೆ ಜಲಾಶಯದ ಹಿನ್ನೀರಿದೆ, ಹರಪನಹಳ್ಳಿಯ ಪಡುವಣ ಅಂಚಿಗೂ ಹೊಳೆ ತಾಗುತ್ತದೆ. ಕೂಡ್ಲಿಗಿ, ಕೊಟ್ಟೂರಿನವರಿಗೆ ಆಧಾರ ಬೋರ್‌ವೆಲ್. ಹೊಳೆ ಮತ್ತು ಹಿನ್ನೀರಿನ ಕಡೆ ದಂಡೆಯ ಮೇಲೆ ಕೂರುವ ಮಾನೋಬ್ಲಾಕ್ ಮೋಟರುಗಳು ಹೆಚ್ಚು. ಬೋರಿನ ಕಡೆ ನೆಲದೊಳಗೆ ಇಳಿಬಿಟ್ಟ ಸಬ್‌ಮರ್ಸಿಬಲ್‌ಗಳು. ಎರಡರ ಬೇರಿಂಗೂ ಬೇರೆ ಜಾತಿಯವು, ಕೆಡುವ ರೀತಿಯೂ ಬೇರೆ. ಮೊದಲು ದಂಡೆಯ ಮೋಟರಿನದು ನೋಡೋಣ.

ಬೇರಿಂಗ್ ಎಂಬ ಹೆಸರು ಹೊರಗಿನದಾದರೂ ಅದರ ಕೆಲಸ ನಮ್ಮ ಬಂಡಿಗಳಿಗೆ ಹೊಸದಲ್ಲ. ತಿರುಗುವುದರ ಭಾರವನ್ನು ತಿರುಗದೆ ನಿಂತದ್ದು ಹೊರಬೇಕು, ನಡುವೆ ಉಜ್ಜಾಟ ಕಡಿಮೆ ಇರಬೇಕು. ಮೈಲಾರದ ಜಾತ್ರೆಗೆ, ಕುರುವತ್ತಿಗೆ, ಕೊಟ್ಟೂರಿನ ತೇರಿಗೆ ಸಾಲುಗಟ್ಟಿ ಹೊರಡುತ್ತಿದ್ದ ಬಂಡಿಗಳಲ್ಲಿ ಇರಸಿನ ಮೇಲೆ ಗಾಲಿಯ ಗುಂಬ ತಿರುಗುತ್ತಿತ್ತು, ನಡುವೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕಪ್ಪು ಬೂದಿ ಕಲಸಿ ಬಿದಿರ ಗೊಟ್ಟದಲ್ಲಿ ಬಂಡಿಯ ಕೆಳಗೆ ಕಟ್ಟಿಕೊಂಡು ಹೋಗುತ್ತಿದ್ದರು. ಹೊರಡುವ ಮುನ್ನ ಕೀಲು ತೆಗೆದು, ಗಾಲಿ ಸರಿಸಿ, ಇರಸು ನೋಡಿ, ಎಣ್ಣೆ ಹಚ್ಚುವುದು ಪ್ರಯಾಣದ ಮೊದಲ ಕೆಲಸವಾಗಿತ್ತು. ತಿರುಗುವ ಜಾಗವನ್ನು ಬಿಚ್ಚಿ ನೋಡುವ ಆ ಶಿಸ್ತು ಬಂಡಿಯ ಜೊತೆಗೇ ಹೋಗಿಬಿಟ್ಟಿತೇನೋ ಎಂದು ನನಗೆ ಬೇಸರವಾಗುತ್ತದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ಅಚ್ಚು ಮುರಿದು ಜನಸಾಗರದ ನಡುವೆ ಉರುಳಿದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಅಷ್ಟೆತ್ತರದ ತೇರಿನ ಭಾರವೆಲ್ಲ ಕೊನೆಗೆ ಹೋಗಿ ನಿಲ್ಲುವುದು ಗಾಲಿ ಮತ್ತು ಅಚ್ಚು ಸೇರುವ ಅಂಗೈಯಗಲದ ಜಾಗದಲ್ಲಿ.

ಜಾರುವುದರ ಬದಲು ಉರುಳಿದರೆ ಉಜ್ಜಾಟ ಬಹಳ ಕಡಿಮೆ ಎಂಬುದು ಹಳೆಯ ತಿಳಿವಳಿಕೆ. 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತ ಗಾಡಿಯ ಅಚ್ಚಿಗೆ ಗುಂಡುಗಳ ಬೇರಿಂಗ್ ಮಾಡಿ ಹಕ್ಕುಪತ್ರ ಪಡೆದ. 1869ರಲ್ಲಿ ಪ್ಯಾರಿಸ್ಸಿನ ಜೂಲ್ ಸುರಿರೆ ಅದನ್ನು ಸೈಕಲ್ಲಿಗೆ ತಂದ. ನಮಗೆ ಹೆಚ್ಚು ಹತ್ತಿರದ್ದು 1907ರ ಕಥೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಸ್ವೆನ್ ವಿಂಕ್ವಿಸ್ಟ್ ಎಂಬ ಎಂಜಿನಿಯರ್ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಇದ್ದದ್ದು ಜೇಡಿಮಣ್ಣಿನ ನೆಲದ ಮೇಲೆ. ನೆಲ ಅಲುಗಿದಂತೆಲ್ಲ ಉದ್ದನೆಯ ಶಾಫ್ಟುಗಳು ಓರೆಯಾಗುತ್ತಿದ್ದವು, ಬೇರಿಂಗುಗಳು ಮೇಲಿಂದ ಮೇಲೆ ಒಡೆಯುತ್ತಿದ್ದವು. ಬರೀ ಬದಲಿಸುತ್ತಾ ಕೂರದೆ ಆತ ಕಾರಣ ಹುಡುಕಿದ. ಶಾಫ್ಟ್ ಸ್ವಲ್ಪ ವಾಲಿದರೂ ತಾನೇ ಹೊಂದಿಕೊಳ್ಳುವ ಎರಡು ಸಾಲಿನ ಬೇರಿಂಗನ್ನು ರೂಪಿಸಿದ. ಎಸ್‌ಕೆಎಫ್ ಎಂಬ ಬೇರಿಂಗ್ ಕಂಪನಿ ಹುಟ್ಟಿದ್ದು ಅದರಿಂದ.

ಹಡಗಲಿ, ಹಗರಿಬೊಮ್ಮನಹಳ್ಳಿಯ ಎರೆ ಹೊಲದಲ್ಲಿ ಮೋಟರ್ ಕೂರಿಸಿದವರಿಗೆ ಈ ಕಥೆ ತಟ್ಟನೆ ಅರ್ಥವಾಗಬೇಕು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆಯ ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕಿ ಮೋಟರ್ ಬಿಗಿದರೆ ಆ ಕಟ್ಟೆ ಒಂದು ವರ್ಷವೂ ಸಮವಾಗಿ ನಿಲ್ಲುವುದಿಲ್ಲ. ಕಟ್ಟೆ ವಾಲಿದರೂ ಪೈಪು ವಾಲುವುದಿಲ್ಲ, ಅದು ಪಂಪನ್ನು ಒಂದು ಕಡೆಗೆ ಜಗ್ಗುತ್ತದೆ. ಸಕ್ಷನ್ ಪೈಪಿಗೆ ಆಧಾರವೇ ಕೊಡದೆ ನೀರು ತುಂಬಿದ ಅಷ್ಟುದ್ದದ ಭಾರವನ್ನು ಪಂಪಿನ ಬಾಯಿಗೆ ನೇತುಹಾಕಿರುವುದನ್ನೂ ದಂಡೆಯುದ್ದಕ್ಕೂ ನೋಡಬಹುದು. ಆ ಜಗ್ಗಾಟವನ್ನೆಲ್ಲ ಕೊನೆಗೆ ತಿನ್ನುವುದು ಶಾಫ್ಟ್ ಹಿಡಿದಿರುವ ಎರಡು ಬೇರಿಂಗುಗಳು.

ಭಾರ ಸ್ವಲ್ಪ ಹೆಚ್ಚಾದರೆ ಏನಾದೀತು ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಮೋಟರುಗಳಲ್ಲಿ ಸಾಮಾನ್ಯವಾಗಿ ಕಾಣುವ 6205 ನಂಬರಿನ ಬೇರಿಂಗ್ ತೆಗೆದುಕೊಳ್ಳಿ. ಇದರ ಸಾಮರ್ಥ್ಯವನ್ನು ಕಂಪನಿಗಳ ಪಟ್ಟಿಯಲ್ಲಿ ಸುಮಾರು 1,400 ಕೆ.ಜಿ. ಭಾರಕ್ಕೆ ಸಮ ಎಂದು ಕೊಟ್ಟಿರುತ್ತಾರೆ. ನಮ್ಮ ಮಾನೋಬ್ಲಾಕ್ ಮೋಟರ್ ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತದೆ. ಏಳು ತಾಸು ಕರೆಂಟ್ ಬಂದರೆ ದಿನಕ್ಕೆ 12 ಲಕ್ಷ ಸುತ್ತು. ಗುಂಡಿನ ಬೇರಿಂಗಿನ ಆಯುಸ್ಸಿನ ಸೂತ್ರವನ್ನು ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬ ಸ್ವೀಡನ್ನಿನ ಇಬ್ಬರು 1947ರಲ್ಲಿ ಪ್ರಕಟಿಸಿದರು: ಭಾರ ಎರಡು ಪಟ್ಟಾದರೆ ಆಯುಸ್ಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಬೇರಿಂಗಿನ ಮೇಲೆ 70 ಕೆ.ಜಿ. ಭಾರವಿದ್ದರೆ ದಿನಾ ಏಳು ತಾಸು ತಿರುಗಿ 18 ವರ್ಷ ಬಾಳಬೇಕು. ಭಾರ 140 ಕೆ.ಜಿ. ಆದರೆ ಎರಡೂಕಾಲು ವರ್ಷ. 280 ಕೆ.ಜಿ. ಆದರೆ 103 ದಿನ, ಅಂದರೆ ಒಂದು ಬೆಳೆಗೆ ಸರಿ. ಇದು ನೂರರಲ್ಲಿ ತೊಂಬತ್ತು ಬೇರಿಂಗುಗಳಾದರೂ ಮುಟ್ಟಲೇಬೇಕಾದ ಆಯುಸ್ಸು. ಬಹುಪಾಲು ಅದನ್ನೂ ಮೀರಿ ಬಾಳಬೇಕು. ಅದೂ ನೀರು, ಧೂಳು ತಾಗದಿದ್ದರೆ ಎಂಬ ಕರಾರಿನ ಮೇಲೆ. ಜಗ್ಗುವ ಪೈಪಿಗೆ ಎರಡು ಕವೆಗೋಲು ಕೊಡುವುದರ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ. ಬೆಲ್ಟಿನಿಂದ ನಡೆಯುವ ಹಿಟ್ಟಿನ ಗಿರಣಿ, ಮೆಕ್ಕೆಜೋಳ ಬಿಡಿಸುವ ಯಂತ್ರಗಳಿಗೂ ಇದೇ ಲೆಕ್ಕ. ಬೆಲ್ಟ್ ಜಾರುತ್ತದೆಂದು ಎಳೆದು ಬಿಗಿದಷ್ಟೂ ಬೇರಿಂಗಿನ ವರ್ಷಗಳು ತಿಂಗಳುಗಳಾಗುತ್ತವೆ.

ಈಗ ಹಳೆಯ ಬೇರಿಂಗನ್ನು ಕೈಗೆತ್ತಿಕೊಳ್ಳೋಣ. ಬಿಚ್ಚುವ ಮುನ್ನ ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ; ಹೊಳೆದಂಡೆಯಲ್ಲಿ ಕಾಲ ಕೆಳಗೆ ತೇವವಿರುತ್ತದೆ. ಬೇರಿಂಗ್ ಹೊರಬಂದ ಮೇಲೆ ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿಯಿರಿ. ಹೊರಗೊಂದು ಉಕ್ಕಿನ ಬಳೆ, ಅಂದರೆ ರೇಸು, ಒಳಗೊಂದು ರೇಸು, ನಡುವೆ ಗುಂಡುಗಳು, ಅವು ಒಂದಕ್ಕೊಂದು ತಾಕದಂತೆ ಹಿಡಿದ ತಗಡಿನ ಪಂಜರ. ಇದರ ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲು ಇಂಗಾಲ, ಒಂದೂವರೆ ಪಾಲು ಕ್ರೋಮಿಯಂ. ಬಹಳ ಗಟ್ಟಿ, ಆದರೆ ತುಕ್ಕು ತಡೆಯುವ ಉಕ್ಕಲ್ಲ. ಹೊರ ರೇಸನ್ನು ಒಡೆದು ಗುಂಡು ಉರುಳಿದ ದಾರಿಯನ್ನು ನೋಡಿದರೆ ಇನ್ನೂ ಒಳ್ಳೆಯದು. ಒಡೆಯುವಾಗ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು; ಈ ಉಕ್ಕಿನ ಚೂರು ಸಿಡಿದರೆ ಕಣ್ಣು ಹೋಗುತ್ತದೆ.

ಗುಂಡುಗಳ ಅಂತರಕ್ಕೆ ಸರಿಯಾಗಿ ಸಾಲಾಗಿ ಕಂದು ತುಕ್ಕಿನ ಕಲೆಗಳಿದ್ದರೆ, ಮೋಟರ್ ಸುಮ್ಮನೆ ನಿಂತಿದ್ದಾಗ ನೀರು ಕುಡಿದಿದೆ ಎಂದರ್ಥ. ಮಳೆಗಾಲದಲ್ಲಿ ಹೊಳೆ ಏರಿದಾಗ ಮೋಟರನ್ನು ಮೇಲೆ ಎಳೆದಿಟ್ಟು ತಿಂಗಳುಗಟ್ಟಲೆ ಮುಟ್ಟದೇ ಬಿಡುವವರಿಗೆ ಆಗುವುದು ಇದೇ. ವಾರಕ್ಕೊಮ್ಮೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದ್ದರೆ ಗುಂಡು ಒಂದೇ ಜಾಗದಲ್ಲಿ ಕೂರದೆ, ಗ್ರೀಸು ಎಲ್ಲ ಕಡೆ ಸವರಿಕೊಂಡು ಬಹುಪಾಲು ಉಳಿಯುತ್ತಿತ್ತು. ತುಕ್ಕು ಪಂಪಿನ ಕಡೆಯ ಬೇರಿಂಗಿನಲ್ಲಿ ಮಾತ್ರ ಇದ್ದು ಫ್ಯಾನಿನ ಕಡೆಯದು ಚೊಕ್ಕವಾಗಿದ್ದರೆ ತಪ್ಪು ಸೀಲಿನದು. ಮೆಕ್ಯಾನಿಕಲ್ ಸೀಲ್ ಸವೆದು ಅಥವಾ ಗ್ಲ್ಯಾಂಡ್ ದಾರ ಸಡಿಲಾಗಿ ನೀರು ಶಾಫ್ಟಿನ ಗುಂಟ ಹಿಂದಕ್ಕೆ ಹರಿದಿರುತ್ತದೆ. ಆ ನೀರನ್ನು ಚಿಮ್ಮಿಸಿ ಹೊರಗೆಸೆಯಲು ಶಾಫ್ಟಿನ ಮೇಲೆ ಒಂದು ರಬ್ಬರ್ ಬಳೆ ಇರುತ್ತದೆ. ಹಿಂದೊಮ್ಮೆ ಬಿಚ್ಚಿದಾಗ ಹರಿದು ಹೋಗಿ, ಯಾರೂ ಮತ್ತೆ ಹಾಕದೆ ಬಿಟ್ಟಿರುವ ಸಾಮಾನು ಅದು. ಸೀಲು, ರಬ್ಬರ್ ಬಳೆ ಎರಡನ್ನೂ ಬದಲಿಸದೆ ಬರೀ ಬೇರಿಂಗ್ ಹಾಕುವುದು ಆ ರೈತನ ದುಡ್ಡನ್ನು ಹೊಳೆಗೆ ಹಾಕಿದ ಹಾಗೆ.

ಅದೇ ಅಂತರದಲ್ಲಿ ತುಕ್ಕಿಲ್ಲದ ಹೊಳೆಯುವ ತಗ್ಗುಗಳಿದ್ದರೆ ಸುತ್ತಿಗೆಯ ಗುರುತು. ಅದು ಮೋಟರಿನ ಬಳಕೆಯಲ್ಲಿ ಆದದ್ದಲ್ಲ. ಹಿಂದಿನ ಸಲ ಕೂರಿಸಿದ ದಿನವೇ ಆದದ್ದು. ಗುಂಡು ಉರುಳಿದ ಹಾದಿ ರೇಸಿನ ನಟ್ಟನಡುವೆ ಸಮವಾಗಿರದೆ ಒಂದು ಕಡೆ ಮೇಲೆ, ಎದುರು ಕಡೆ ಕೆಳಗೆ ಓರೆಯಾಗಿ ಓಡಿದ್ದರೆ ಬೇರಿಂಗ್ ಓರೆಯಾಗಿ ಕೂತಿತ್ತು ಅಥವಾ ಶಾಫ್ಟ್ ವಾಲಿತ್ತು. ಕಟ್ಟೆ, ಪೈಪು ನೋಡಬೇಕು. ಹಾದಿಯೆಲ್ಲ ಹೊಳಪು ಕಳೆದು ಬೂದುಬಣ್ಣಕ್ಕೆ ತಿರುಗಿ, ಗುಂಡುಗಳೂ ಮಂಕಾಗಿದ್ದರೆ ಧೂಳು ಅರೆದಿದೆ. ಕೂಡ್ಲಿಗಿ ಕಡೆಯ ಮಸಾರಿ ಧೂಳು ಕಣ್ಣಿಗೆ ಕಾಣದಷ್ಟು ನುಣ್ಣಗೆ, ಆದರೆ ಅದರಲ್ಲಿ ಗಾಜಿನಷ್ಟು ಗಟ್ಟಿಯಾದ ಮರಳ ಕಣಗಳಿರುತ್ತವೆ. ಎರಡೂ ಕಡೆ ರಬ್ಬರ್ ಮುಚ್ಚಳವಿರುವ ಬೇರಿಂಗ್ ಹಾಕುವುದು ಅಲ್ಲಿಗೆ ಸರಿ. ನೀಲಿ ಅಥವಾ ಗಾಢ ಕಂದು ಬಣ್ಣ ಬಂದಿದ್ದರೆ ಅತಿಯಾಗಿ ಕಾದಿದೆ: ಗ್ರೀಸ್ ಒಣಗಿರಬಹುದು ಅಥವಾ, ಬಹಳ ಜನ ನಂಬದ ಕಾರಣ, ಗ್ರೀಸ್ ಹೆಚ್ಚಾಗಿರಬಹುದು. ಹೊರ ರೇಸಿನ ಹೊರಮೈ ಕನ್ನಡಿಯಂತೆ ಉಜ್ಜಿಹೋಗಿದ್ದರೆ ಬೇರಿಂಗ್ ತಾನು ಕೂರುವ ಗೂಡಿನೊಳಗೆ, ಅಂದರೆ ತನ್ನ ಮನೆಯೊಳಗೆ, ತಾನೇ ತಿರುಗುತ್ತಿತ್ತು, ಮನೆ ಸವೆದಿದೆ.

ಇವು ಯಾವುವೂ ಇಲ್ಲದೆ, ಹಾದಿಯ ಮೇಲೆ ಮಾತ್ರ ಚಕ್ಕೆ ಎದ್ದಿದ್ದರೆ ಅದು ನಿಜವಾದ ಮುಪ್ಪು. ಅಂಥ ಬೇರಿಂಗ್ ಸಿಕ್ಕರೆ ಆ ಮೋಟರನ್ನು ಸಾಕಿದವರನ್ನು ಮೆಚ್ಚಬೇಕು.

ಹೊಸದನ್ನು ತರುವಾಗ ನಂಬರ್ ನೋಡಿಕೊಂಡು ತರುವುದು ಎಲ್ಲರಿಗೂ ಗೊತ್ತು, ಆದರೆ ಆ ನಂಬರ್ ಏನು ಹೇಳುತ್ತದೆ ಎಂಬುದನ್ನು ಕೆಲವರೇ ಕೇಳುತ್ತಾರೆ. 6205ರಲ್ಲಿ ಕೊನೆಯ ಎರಡು ಅಂಕಿ 05. ಅದನ್ನು ಐದರಿಂದ ಗುಣಿಸಿದರೆ ಒಳಗಿನ ತೂತು: 25 ಮಿ.ಮೀ. 6204 ಆದರೆ 20, 6206 ಆದರೆ 30. ನಾಲ್ಕಕ್ಕಿಂತ ಕೆಳಗೆ ಈ ಗುಣಾಕಾರ ನಡೆಯುವುದಿಲ್ಲ. 00 ಎಂದರೆ 10, 01 ಎಂದರೆ 12, 02 ಎಂದರೆ 15, 03 ಎಂದರೆ 17 ಮಿ.ಮೀ. ಮೊದಲಿನ 6 ಆಳವಾದ ತೋಡಿನ ಗುಂಡಿನ ಬೇರಿಂಗ್ ಎಂಬುದರ ಗುರುತು, 2 ಅದರ ಗಾತ್ರದ ವರ್ಗ. ಹೀಗಾಗಿ 6205 ಯಾವ ಕಂಪನಿಯದಾದರೂ 25 ಒಳಗೆ, 52 ಹೊರಗೆ, 15 ದಪ್ಪ. ನಂಬರಿನ ಮುಂದಿರುವ ಅಕ್ಷರಗಳನ್ನೂ ಬಿಡಬಾರದು. ಝಡ್ ಝಡ್ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, ಆರ್‌ಎಸ್ ಎಂದಿದ್ದರೆ ರಬ್ಬರ್ ಸೀಲ್. ಸಿ3 ಎಂದಿದ್ದರೆ ಗುಂಡಿಗೂ ರೇಸಿಗೂ ನಡುವೆ ಬಿಟ್ಟ ಸಡಿಲು ಮಾಮೂಲಿಗಿಂತ ಹೆಚ್ಚು.

ಈ ಸಿ3 ಸಣ್ಣ ವಿಷಯವಲ್ಲ. 6205ರಲ್ಲಿ ಮಾಮೂಲಿ ಸಡಿಲು ಒಂದು ಮಿಲಿಮೀಟರಿನ ಸಾವಿರದಲ್ಲಿ 5ರಿಂದ 20 ಪಾಲು. ಸಿ3ಯಲ್ಲಿ 13ರಿಂದ 28. ಮೋಟರ್ ಕಾದಾಗ ಶಾಫ್ಟಿನ ಬಿಸಿಗೆ ಒಳ ರೇಸು ಹಿಗ್ಗುತ್ತದೆ, ಹೊರ ರೇಸು ಫ್ಯಾನಿನ ಗಾಳಿಗೆ ತಣ್ಣಗಿರುತ್ತದೆ, ನಡುವಿನ ಗುಂಡಿಗೆ ಜಾಗ ಕಡಿಮೆಯಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮೋಟರ್ ಮನೆಯೊಳಗೆ ತಿರುಗುವ ಯಂತ್ರಕ್ಕೆ ಆ ಹೆಚ್ಚಿನ ಸಡಿಲು ಬೇಕೇ ಬೇಕು. ಹಳೆಯದರ ಮೇಲೆ ಸಿ3 ಇದ್ದರೆ ಹೊಸದರ ಮೇಲೂ ಇರಲಿ. ಅಂಗಡಿಯವರು "ನಂಬರ್ ಒಂದೇ ಐತಿ, ನಡೀತೈತಿ" ಎಂದರೆ ಒಪ್ಪಬೇಡಿ. ಹೆಸರುವಾಸಿ ಕಂಪನಿಗಳ ನಕಲಿ ಡಬ್ಬಿಗಳೂ ಪೇಟೆಯಲ್ಲಿವೆ. ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳುವುದು ಕ್ಷೇಮ.

ಕಳಚುವುದಕ್ಕೆ ಪುಲ್ಲರ್ ಬೇಕು. ಪುಲ್ಲರಿನ ಕಾಲು ಒಳ ರೇಸನ್ನು ಹಿಡಿಯಬೇಕು. ಕೂರಿಸುವುದರಲ್ಲಿ ಒಂದೇ ನಿಯಮ: ಯಾವ ರೇಸು ಬಿಗಿಯಾಗಿ ಕೂರುತ್ತದೋ ಅದನ್ನೇ ಒತ್ತಬೇಕು. ಮೋಟರಿನಲ್ಲಿ ಬಿಗಿ ಇರುವುದು ಶಾಫ್ಟಿನ ಮೇಲೆ, ಹಾಗಾಗಿ ಒಳ ರೇಸನ್ನು ಒತ್ತಬೇಕು. ಅದರ ಅಳತೆಗೆ ಸರಿಯಾದ ಒಂದು ಕಬ್ಬಿಣದ ಪೈಪಿನ ತುಂಡು, ಎರಡೂ ತುದಿ ಲೇತ್‌ನಲ್ಲಿ ಸಮ ಮಾಡಿಸಿದ್ದು, ಇಷ್ಟಿದ್ದರೆ ಸಾಕು. ಹೊರ ರೇಸಿಗೆ ಹೊಡೆದರೆ ಆ ಏಟು ಗುಂಡುಗಳ ಮೂಲಕವೇ ಒಳಗೆ ಹೋಗಬೇಕು. ಗುಂಡು ರೇಸನ್ನು ಮುಟ್ಟುವ ಜಾಗ ಸಾಸಿವೆಗಿಂತ ಸಣ್ಣದು. ಅಷ್ಟೂ ಬಲ ಅಲ್ಲೇ ಬಿದ್ದು ತಗ್ಗಾಗುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ, ಎರಡು ತಿಂಗಳಿಗೆ ಗೊರಗೊರ ಶುರುವಾಗುತ್ತದೆ.

ಸುತ್ತಿಗೆಗಿಂತ ಬಿಸಿ ಮೇಲು. ಮುಚ್ಚಳವಿಲ್ಲದ ಬೇರಿಂಗನ್ನು ಶುದ್ಧ ಎಣ್ಣೆಯಲ್ಲಿ, ಪಾತ್ರೆಯ ತಳ ತಾಗದಂತೆ ತೂಗುಬಿಟ್ಟು 90ರಿಂದ 100 ಡಿಗ್ರಿಗೆ ಕಾಯಿಸಿದರೆ ಶಾಫ್ಟಿನ ಮೇಲೆ ತಾನೇ ಜಾರಿ ಕೂರುತ್ತದೆ. 120 ಡಿಗ್ರಿ ದಾಟಬಾರದು, ಗ್ಯಾಸ್ ಉರಿ ನೇರವಾಗಿ ಹಿಡಿಯಲೇಬಾರದು. ಉಕ್ಕಿನ ಹದ ಕೆಟ್ಟರೆ ಬೇರಿಂಗ್ ಬರೀ ಕಬ್ಬಿಣದ ಬಳೆ. ಗ್ರೀಸ್ ತುಂಬಿ ಮುಚ್ಚಿ ಬಂದದ್ದನ್ನು ಎಣ್ಣೆಗೆ ಹಾಕುವಂತಿಲ್ಲ, ಅದಕ್ಕೆ ಪೈಪಿನ ತುಂಡೇ ಗತಿ. ಹಳೆಯ ಮಿಸ್ತ್ರಿಗಳು ಉರಿಯುವ ನೂರು ವಾಟಿನ ಬಲ್ಬಿನ ಮೇಲೆ ಒಳ ರೇಸನ್ನು ಕೂರಿಸಿ ಬೆಚ್ಚಗೆ ಮಾಡುತ್ತಿದ್ದರು. ಅಂಥ ಬಲ್ಬುಗಳೇ ಈಗ ಅಪರೂಪ, ಉಪಾಯ ಮಾತ್ರ ಚೆನ್ನಾಗಿತ್ತು.

ನನಗೆ ಸಿಟ್ಟು ತರಿಸುವ ರೂಢಿಯೊಂದಿದೆ. ಶಾಫ್ಟ್ ಸವೆದು ಬೇರಿಂಗ್ ಸಡಿಲಾದರೆ ಪಂಚ್ ಇಟ್ಟು ಸುತ್ತಲೂ ಚುಕ್ಕೆ ಹೊಡೆಯುತ್ತಾರೆ. ಮನೆ ಸವೆದಿದ್ದರೆ ಪಾಲಿಶ್ ಕಾಗದವನ್ನೋ ತಗಡಿನ ಪಟ್ಟಿಯನ್ನೋ ತುರುಕುತ್ತಾರೆ. ಆ ಹೊತ್ತಿಗೆ ಬಿಗಿ ಅನ್ನಿಸುತ್ತದೆ, ಆದರೆ ಬೇರಿಂಗ್ ನಿಂತಿರುವುದು ಹತ್ತಾರು ಮೊನೆಗಳ ಮೇಲೆ. ಅವು ವಾರದಲ್ಲಿ ಚಪ್ಪಟೆಯಾಗುತ್ತವೆ, ಶಾಫ್ಟ್ ನಡು ತಪ್ಪುತ್ತದೆ. ಈ ಅಳತೆಯ ಮೋಟರಿನಲ್ಲಿ ರೋಟರಿಗೂ ಸುತ್ತಲಿನ ವೈಂಡಿಂಗ್ ಕೂತ ಕಬ್ಬಿಣಕ್ಕೂ ನಡುವಿನ ಜಾಗ ಅರ್ಧ ಮಿಲಿಮೀಟರೂ ಇರುವುದಿಲ್ಲ. ಶಾಫ್ಟ್ ಅಷ್ಟು ತಪ್ಪಿದರೆ ರೋಟರ್ ಉಜ್ಜುತ್ತದೆ, ವೈಂಡಿಂಗ್ ಸುಡುತ್ತದೆ. ನೂರರ ಲೆಕ್ಕದಲ್ಲಿ ಮುಗಿಯಬೇಕಿದ್ದದ್ದು ಸಾವಿರದ ಲೆಕ್ಕಕ್ಕೆ ಹೋಗುತ್ತದೆ, ಜೊತೆಗೆ ರಿವೈಂಡಿಂಗ್ ಅಂಗಡಿಯಲ್ಲಿ ಸರದಿ ಕಾಯುವಷ್ಟು ದಿನ ಬೆಳೆ ಒಣಗುತ್ತದೆ. ಸವೆದ ಶಾಫ್ಟಿಗೆ ಲೇತ್‌ನಲ್ಲಿ ವೆಲ್ಡಿಂಗ್ ತುಂಬಿಸಿ ಅಳತೆಗೆ ಕಡೆಸುವುದು, ಸವೆದ ಮನೆಗೆ ಬುಷ್ ಹಾಕಿಸುವುದು ಇದ್ದೇ ಇದೆ. ಅರ್ಧ ದಿನದ ಕೆಲಸ.

ಕಳೆದುಹೋಗುವ ಇನ್ನೊಂದು ಸಾಮಾನು ಅಲೆಯಲೆಯಾದ ಸ್ಪ್ರಿಂಗ್ ವಾಷರ್. ಒಂದು ಬದಿಯ ಬೇರಿಂಗಿನ ಹಿಂದೆ ಕೂತು ಅದು ಸದಾ ಮೆಲ್ಲಗೆ ಒತ್ತುತ್ತಿರುತ್ತದೆ, ಆ ಒತ್ತಿಗೆ ಗುಂಡುಗಳು ಜಾರದೆ ಉರುಳುತ್ತವೆ. ಬಿಚ್ಚಿದಾಗ ಇದು ನೆಲಕ್ಕೆ ಬೀಳುತ್ತದೆ, ಮಣ್ಣಿನಲ್ಲಿ ಸೇರಿಹೋಗುತ್ತದೆ. ಹೊಸ ಬೇರಿಂಗ್ ಹಾಕಿದರೂ ಸದ್ದು ನಿಲ್ಲಲಿಲ್ಲ ಎನ್ನುವವರು ಮೊದಲು ಇದನ್ನು ಹುಡುಕಲಿ. ಗ್ರೀಸನ್ನು ಬೇರಿಂಗಿನ ಖಾಲಿ ಜಾಗದ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಪೂರ್ತಿ ತುಂಬಿದರೆ ಗುಂಡುಗಳು ಅದನ್ನು ಕಡೆಯುತ್ತಲೇ ಕಾಯುತ್ತವೆ. ಎರಡು ಜಾತಿಯ ಗ್ರೀಸ್ ಬೆರೆಸಬಾರದು. ಒಂದು ಬೇರಿಂಗ್ ಹೋಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು.

ಇನ್ನು ಬೋರಿನ ಮಾತು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಬೋರ್‌ವೆಲ್ಲುಗಳಲ್ಲಿ ಇಳಿಬಿಟ್ಟ ನೀರು ತುಂಬುವ ಮೋಟರಿನಲ್ಲಿ ಗುಂಡೇ ಇಲ್ಲ. ನಿಂತು ತಿರುಗುವ ರೋಟರಿನ ತೂಕ, ನೀರನ್ನು ಮೇಲೆ ತಳ್ಳುವ ಪಂಪಿನ ಕೆಳಮುಖ ಒತ್ತಡ ಎರಡನ್ನೂ ಹೊರುವುದು ಬುಡದಲ್ಲಿರುವ ಥ್ರಸ್ಟ್ ಬೇರಿಂಗ್: ಕಾರ್ಬನ್ನಿನ ಒಂದು ಬಿಲ್ಲೆ, ಅದರ ಕೆಳಗೆ ಸ್ವಲ್ಪ ವಾಲಬಲ್ಲ ಸ್ಟೀಲ್ ತುಂಡುಗಳು. ತಿರುಗುವ ವೇಗಕ್ಕೆ ಆ ತುಂಡುಗಳು ತುಸು ವಾಲಿ, ನೀರು ಸಂದಿಯೊಳಗೆ ಸೆಳೆಯಲ್ಪಟ್ಟು ತೆಳ್ಳನೆಯ ಪದರವಾಗುತ್ತದೆ. ಇಡೀ ಭಾರ ಆ ನೀರಿನ ಪದರದ ಮೇಲೆ ತೇಲುತ್ತದೆ. ಆಸ್ಟ್ರೇಲಿಯಾದ ಮಿಷೆಲ್ 1905ರಲ್ಲಿ, ಅಮೆರಿಕದ ಕಿಂಗ್ಸ್‌ಬರಿ 1910ರಲ್ಲಿ ಬೇರೆ ಬೇರೆಯಾಗಿಯೇ ಇದಕ್ಕೆ ಹಕ್ಕುಪತ್ರ ಪಡೆದರು. ಹಡಗಿನ ಚಾಲಕ ಶಾಫ್ಟು, ದೊಡ್ಡ ಜಲವಿದ್ಯುತ್ ಯಂತ್ರಗಳ ಭಾರ ಹೊರುವ ಅದೇ ಉಪಾಯ ನಮ್ಮ ಆರಿಂಚಿನ ಬೋರಿನೊಳಗೂ ಕೆಲಸ ಮಾಡುತ್ತಿದೆ ಎಂಬುದು ನನಗೆ ಇಂದಿಗೂ ಬೆರಗು.

ನೀರೇ ಎಣ್ಣೆಯಾದ ಮೇಲೆ ನೀರಿನ ಗುಣವೇ ಬೇರಿಂಗಿನ ಆಯುಸ್ಸು. ಇಳಿಬಿಡುವ ಮುನ್ನ ಮೋಟರಿನೊಳಗೆ ಸೋಸಿದ ಶುದ್ಧ ನೀರನ್ನು, ಒಳಗಿನ ಗಾಳಿಯೆಲ್ಲ ಹೊರಬರುವವರೆಗೆ ನಿಧಾನವಾಗಿ ತುಂಬಬೇಕು. ಆತುರಕ್ಕೆ ಪಕ್ಕದ ತೊಟ್ಟಿಯ ಕೆಸರು ನೀರು ತುಂಬಿದರೆ ಅದರ ಕಣಗಳು ಕಾರ್ಬನ್ನನ್ನು ಗೀರುತ್ತವೆ. ಸೀಲ್ ಹರಿದು ಬೋರಿನ ಮರಳು ಒಳಹೊಕ್ಕರೂ ಅಷ್ಟೇ. ಇನ್ನೊಂದು ಪೆಟ್ಟು ಬೀಳುವುದು ಶುರುವಾಗುವ ಕ್ಷಣದಲ್ಲಿ. ನಿಂತ ಮೋಟರಿನಲ್ಲಿ ನೀರಿನ ಪದರ ಇರುವುದಿಲ್ಲ. ಮೊದಲ ಕೆಲವು ಸುತ್ತು ಕಾರ್ಬನ್ ಸ್ಟೀಲಿಗೆ ಉಜ್ಜುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ತಾನೇ ಶುರುವಾಗುವಂತೆ ಆಟೋ ಸ್ಟಾರ್ಟರ್ ಇಟ್ಟು ಮಲಗಿದರೆ ಒಂದೇ ರಾತ್ರಿಯಲ್ಲಿ ಹತ್ತಾರು ಸಲ ಈ ಉಜ್ಜಾಟ ಆಗಬಹುದು. ಆಟೋ ಬೇಕೇ ಬೇಕೆಂದರೆ ಶುರುವಾಗುವ ಮುನ್ನ ಕೆಲವು ನಿಮಿಷ ತಡೆಯುವ ಟೈಮರನ್ನೂ, ಬೋರ್ ಬತ್ತಿದಾಗ ಮೋಟರ್ ನಿಲ್ಲಿಸುವ ಸಾಧನವನ್ನೂ ಹಾಕಿಸಬೇಕು. ಬೋರಿನ ಮೋಟರ್ ಮೇಲೆತ್ತಲು ಗಾಡಿ, ಕೂಲಿ ಎಲ್ಲ ಸೇರಿ ಬೇರಿಂಗಿನ ಬೆಲೆಯ ಎಷ್ಟೋ ಪಟ್ಟು ಆಗುತ್ತದೆ. ಎತ್ತಿದ ಮೇಲಾದರೂ ಕಾರ್ಬನ್ ಬಿಲ್ಲೆಯ ಮೈ ನೋಡಿ: ಗೀರುಗಳಿದ್ದರೆ ಮರಳು, ಸುಟ್ಟು ಸೀಳಿದ್ದರೆ ನೀರಿಲ್ಲದೆ ಓಡಿದೆ.

ಮೆಕ್ಕೆಜೋಳಕ್ಕೆ, ಈರುಳ್ಳಿಗೆ, ದಾಳಿಂಬೆಗೆ ಔಷಧಿ ಹೊಡೆಯಲು ಬೆನ್ನಿಗೇರಿಸುವ ಪವರ್ ಸ್ಪ್ರೇಯರುಗಳದ್ದೂ ಇದೇ ಕಥೆ. ಅದರ ಸಣ್ಣ ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕನ್ನು ಹಿಡಿದಿರುವುದು ಎರಡು ಪುಟ್ಟ ಬೇರಿಂಗುಗಳು. ಈ ಎಂಜಿನ್ನುಗಳಲ್ಲಿ ಬೇರಿಂಗಿಗೆ ಬೇರೆ ಎಣ್ಣೆ ಇಲ್ಲ. ಪೆಟ್ರೋಲಿಗೆ ಬೆರೆಸಿದ ಟೂ-ಟಿ ಎಣ್ಣೆಯೇ ಅದನ್ನು ಸವರಿಕೊಂಡು ಹೋಗಬೇಕು. ಎಣ್ಣೆ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಒಂದು ಟ್ಯಾಂಕಿಗೇ ಬೇರಿಂಗ್ ಮುಗಿಯಬಹುದು. ಬದಲಿಸುವಾಗ ಅಲ್ಯೂಮಿನಿಯಂ ಮನೆಯನ್ನು ನೀರು ಕುದಿಯುವಷ್ಟು ಕಾಯಿಸಿದರೆ ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಮರದ ಹಲಗೆಯ ಮೇಲೆ ಮೆಲ್ಲಗೆ ಕುಟ್ಟಿದರೆ ಹಳೆಯದು ತಾನೇ ಉದುರುತ್ತದೆ, ಹೊಸದು ತಾನೇ ಇಳಿಯುತ್ತದೆ. ಕ್ರ್ಯಾಂಕಿನ ಎರಡು ಸೀಲುಗಳನ್ನು ಅದೇ ಹೊತ್ತಿಗೆ ಬದಲಿಸಬೇಕು, ಇಲ್ಲವಾದರೆ ಅಲ್ಲಿಂದ ಗಾಳಿ ಎಳೆದು ಎಂಜಿನ್ ಅತಿಯಾಗಿ ಕಾಯುತ್ತದೆ. ಹಂಗಾಮು ಮುಗಿದಾಗ ಟ್ಯಾಂಕಿನ ಪೆಟ್ರೋಲನ್ನು ಖಾಲಿ ಮಾಡಿ, ಪ್ಲಗ್ ತೂತಿನಿಂದ ಒಂದೆರಡು ಹನಿ ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆದಿಟ್ಟರೆ ಮುಂದಿನ ಹಂಗಾಮಿಗೆ ತುಕ್ಕಿರುವುದಿಲ್ಲ.

ಮಿಸ್ತ್ರಿಗಳನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಬಿಸಿಲಲ್ಲಿ, ಕರೆಂಟ್ ಹೋಗುವ ಮೊದಲು ಮುಗಿಸಬೇಕೆಂಬ ಒತ್ತಡದಲ್ಲಿ, ಪುಲ್ಲರ್ ಕೊಳ್ಳುವಷ್ಟೂ ಕೂಲಿ ಉಳಿಯದ ಕೆಲಸ ಅವರದು. ಕಾರಣ ಹುಡುಕಲು ತೆಗೆದುಕೊಂಡ ಹೊತ್ತಿಗೆ ನಾವು ದುಡ್ಡು ಕೊಡುವುದಿಲ್ಲ, ಸುತ್ತಿಗೆ ಹೊಡೆದ ಹೊತ್ತಿಗೆ ಕೊಡುತ್ತೇವೆ. ಹಾಗಾಗಿ ಮೊದಲು ಬದಲಾಗಬೇಕಾದ್ದು ಮೋಟರಿನ ಯಜಮಾನ. ಹಳೆಯ ಬೇರಿಂಗನ್ನು ಕೇಳಿ ಪಡೆಯಿರಿ. ಯಾಕೆ ಹೋಯಿತು ಎಂದು ಕೇಳಿ, ಹೇಳಿದವನಿಗೆ ನೂರು ರೂಪಾಯಿ ಹೆಚ್ಚು ಕೊಡಿ. ಬದಲಿಸಿದ ದಿನಾಂಕ ಮತ್ತು ಬೇರಿಂಗ್ ನಂಬರನ್ನು ಮೋಟರಿನ ಮೈಮೇಲೆ ಬಣ್ಣದಲ್ಲಿ ಬರೆಸಿ. ಮೂರು ದಿನಾಂಕಗಳು ಹತ್ತಿರ ಹತ್ತಿರ ಬಂದರೆ ಕಟ್ಟೆಯನ್ನೋ ಪೈಪನ್ನೋ ಸೀಲನ್ನೋ ನೋಡಬೇಕಾದ ಹೊತ್ತು ಬಂದಿದೆ.

ಜೋಡಿಸಿದ ಮೇಲೆ ಕೂಡಲೇ ಸ್ವಿಚ್ ಒತ್ತಬೇಡಿ. ಶಾಫ್ಟನ್ನು ಕೈಯಿಂದ ತಿರುಗಿಸಿ. ಎಲ್ಲೂ ತೊಡರದೆ ತಿರುಗಬೇಕು. ಪೈಪಿನ ಬೋಲ್ಟುಗಳನ್ನು ಬಿಗಿದ ಮೇಲೆ ಇನ್ನೊಮ್ಮೆ ತಿರುಗಿಸಿ. ಮೊದಲು ಸಲೀಸಾಗಿದ್ದದ್ದು ಈಗ ಬಿಗಿಯಾಗಿದ್ದರೆ ಪೈಪು ಜಗ್ಗುತ್ತಿದೆ, ಬೋಲ್ಟ್ ಸಡಿಲಿಸಿ ಆಧಾರ ಸರಿಪಡಿಸಿ. ಪಂಪಿಗೆ ನೀರು ತುಂಬಿ ಶುರು ಮಾಡಿ, ಅರ್ಧ ತಾಸು ಓಡಿದ ಮೇಲೆ ಬೇರಿಂಗಿನ ಮನೆಯ ಹೊರಮೈಗೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ; ಕೈ ಇಟ್ಟುಕೊಂಡಿರಲು ಆಗದಷ್ಟು ಸುಡುತ್ತಿದ್ದರೆ ನಿಲ್ಲಿಸಿ, ಗ್ರೀಸು ಹೆಚ್ಚಾಗಿದೆಯೇ, ಬೇರಿಂಗ್ ಓರೆ ಕೂತಿದೆಯೇ ಎಂದು ಬಿಚ್ಚಿ ನೋಡಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ, ಹಿಡಿಯನ್ನು ಕಿವಿಗೆ ಹಿಡಿದರೆ ಒಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆ ಸದ್ದನ್ನು ಹೊಸ ಬೇರಿಂಗ್ ಇರುವಾಗಲೇ ಒಮ್ಮೆ ಕೇಳಿಟ್ಟುಕೊಳ್ಳಿ. ಒಂದು ವಾರ ಬಿಟ್ಟು ಕಟ್ಟೆಯ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.